ದ್ರಾವಣ ಕೈಕೊಟ್ಟಾಗ: ತಾಪಮಾನದ ದೋಷ ಹಿಡಿಯುವ ಬಗೆ

ನಿನ್ನೆ ಸರಿಯಾಗಿ ಬಂದ ಟೈಟ್ರೇಷನ್ (ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಸೇರಿಸಿ ಪ್ರಮಾಣ ಕಂಡುಹಿಡಿಯುವ ವಿಧಾನ) ಇವತ್ತು ಬರುತ್ತಿಲ್ಲ. ತಿಳಿಯಾಗಿದ್ದ ದ್ರಾವಣದ ತಳದಲ್ಲಿ ಬಿಳಿ ಹರಳು ಕೂತಿದೆ. ಪಿಎಚ್ ಮೀಟರ್ ಬೆಳಿಗ್ಗೆ ಒಂದು ತೋರಿಸಿದರೆ ಮಧ್ಯಾಹ್ನ ಇನ್ನೊಂದು ತೋರಿಸುತ್ತದೆ. ಇಂಥ ಹೊತ್ತಿನಲ್ಲಿ ಮೊದಲು ಅನುಮಾನ ಬೀಳುವುದು ರಾಸಾಯನಿಕದ ಮೇಲೆ, ಆಮೇಲೆ ಉಪಕರಣದ ಮೇಲೆ. ಬಾಟಲಿ ಬದಲಾಯಿಸಿ, ಎಲೆಕ್ಟ್ರೋಡ್ ಬದಲಾಯಿಸಿ, ಏನೂ ಸರಿಹೋಗದಿದ್ದಾಗ ಯಾರೋ ಥರ್ಮಾಮೀಟರ್ ಹುಡುಕುತ್ತಾರೆ. ಈ ಸರದಿ ತಿರುಗಬೇಕು. ತಾಪಮಾನವನ್ನು ಪರೀಕ್ಷಿಸಲು ಏನನ್ನೂ ಚೆಲ್ಲಬೇಕಿಲ್ಲ, ಹೊಸದಾಗಿ ಏನನ್ನೂ ತೆರೆಯಬೇಕಿಲ್ಲ. ಸ್ವಲ್ಪ ಕಾಯಬೇಕು, ಅಷ್ಟೇ.

ಇಡೀ ತಪಾಸಣೆ ಒಂದು ಪ್ರಶ್ನೆಯ ಮೇಲೆ ನಿಂತಿದೆ: ವಸ್ತುವನ್ನು ಅದರ ಮೂಲ ತಾಪಮಾನಕ್ಕೆ ತಂದರೆ ಅದು ಮೊದಲಿನಂತಾಗುತ್ತದೆಯೇ? ಆಗುವುದಾದರೆ ವಸ್ತು ಕೆಟ್ಟಿಲ್ಲ, ನೀವು ಅಳೆದ ಹೊತ್ತು ಸರಿಯಿರಲಿಲ್ಲ. ಆಗದಿದ್ದರೆ ಬಿಸಿಯೋ ತಂಪೋ ಆ ಸಂಯುಕ್ತವನ್ನೇ ಬೇರೆಯದಾಗಿ ಮಾಡಿದೆ. ಇನ್ನು ಎಷ್ಟು ತಣಿಸಿದರೂ ಪ್ರಯೋಜನವಿಲ್ಲ. ಈ ಎರಡನ್ನು ಬೇರ್ಪಡಿಸದೆ ಮುಂದಕ್ಕೆ ಹೋದವರು ಒಳ್ಳೆಯ ರಾಸಾಯನಿಕವನ್ನು ಚೆಲ್ಲುತ್ತಾರೆ, ಕೆಟ್ಟದ್ದನ್ನು ಇಟ್ಟುಕೊಳ್ಳುತ್ತಾರೆ.

ಯಾವುದರ ತಾಪಮಾನ?

ಗೋಡೆಯ ಮೇಲಿನ ಥರ್ಮಾಮೀಟರ್ ಕೋಣೆಯದ್ದನ್ನು ಹೇಳುತ್ತದೆ, ಹಾಟ್‌ಪ್ಲೇಟಿನ ಡಯಲ್ ಪ್ಲೇಟಿನದ್ದನ್ನು. ನಿಮಗೆ ಬೇಕಾದದ್ದು ದ್ರಾವಣದ ಒಳಗಿನದ್ದು. ಫ್ರಿಜ್‌ನಿಂದ ಈಗಷ್ಟೇ ತೆಗೆದ ಒಂದು ಲೀಟರ್ ಬಾಟಲಿಯ ಹೊರಗಿನ ಗಾಜು ಕೈಗೆ ಬೆಚ್ಚಗೆನಿಸಿದಾಗಲೂ ನಡುವಿನ ದ್ರವ ತಣ್ಣಗೇ ಇರುತ್ತದೆ. ಕಲಕದೆ ಕಾಯಿಸಿದ ಬೀಕರಿನಲ್ಲಿ ತಳದ ಪದರಕ್ಕೂ ಮೇಲಿನ ಪದರಕ್ಕೂ ಹಲವು ಡಿಗ್ರಿ ಅಂತರವಿರಬಹುದು. ಥರ್ಮಾಮೀಟರನ್ನು ದ್ರವದೊಳಗೆ ಇಳಿಸಿ, ತಳಕ್ಕೆ ತಾಗಿಸದೆ, ಕಲಕಿದ ಮೇಲೆ ಓದಿ.

ಆಮೇಲೆ ಕೇಳಬೇಕಾದದ್ದು: ನಾನು ಹೋಲಿಸುತ್ತಿರುವ ಅಂಕಿ ಯಾವ ತಾಪಮಾನದಲ್ಲಿ ಬರೆದದ್ದು? ಬ್ಯೂರೆಟ್, ಪಿಪೆಟ್, ವಾಲ್ಯೂಮೆಟ್ರಿಕ್ ಫ್ಲಾಸ್ಕುಗಳ ಮೇಲೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಎಂದು ಮುದ್ರಿಸಿರುತ್ತದೆ. ಪಿಎಚ್ ಬಫರಿನ (ಪಿಎಚ್ ಸುಲಭವಾಗಿ ಬದಲಾಗದ ದ್ರಾವಣದ) ಲೇಬಲ್ ಮೇಲಿನ 4.00 ಅಥವಾ 9.18 ಎಂಬುದು ಸಾಮಾನ್ಯವಾಗಿ 25 ಡಿಗ್ರಿಯದ್ದು. 20, 25 ಎಂಬ ಈ ಎರಡು ತಾಪಮಾನಗಳು ಬೇರೆ ಎಂಬುದೇ ಬಹಳ ಜನರ ಗಮನಕ್ಕೆ ಬರುವುದಿಲ್ಲ.

ಮರಳಿ ತರುವ ಪರೀಕ್ಷೆ

ಅನುಮಾನವಿರುವ ದ್ರಾವಣದಿಂದ ಒಂದಿಷ್ಟನ್ನು ಬಿಗಿ ಮುಚ್ಚಳದ ಪುಟ್ಟ ಬಾಟಲಿಗೆ ತೆಗೆದುಕೊಳ್ಳಿ. ಆದರೆ ತೆಗೆಯುವ ಮುನ್ನ ನೋಡಿ: ತಳದಲ್ಲಿ ಹರಳು ಕೂತಿದ್ದರೆ ಮೇಲಿನ ತಿಳಿ ಮಾತ್ರ ಬಂದು ಪರೀಕ್ಷೆಯೇ ಸುಳ್ಳಾಗುತ್ತದೆ. ಅಂಥಲ್ಲಿ ಇಡೀ ಬಾಟಲಿಯನ್ನೇ ಪರೀಕ್ಷೆಗೆ ಒಡ್ಡಬೇಕು. ತೂಕ ಬರೆದಿಟ್ಟುಕೊಂಡು, ಮೂಲ ತಾಪಮಾನಕ್ಕೆ ಹೊಂದಿಸಿದ ನೀರಿನ ತೊಟ್ಟಿಯಲ್ಲಿ ಇಟ್ಟು, ಒಳಗಿನ ದ್ರವ ಆ ತಾಪಮಾನಕ್ಕೆ ಬಂದು ನಿಂತ ಮೇಲೆ ಕಲಕಿ, ಹೊರಗಿನ ನೀರು ಒರೆಸಿ ತೂಗಿ, ಮತ್ತೆ ಅಳೆಯಿರಿ. ತೂಕ ಕಡಿಮೆಯಾಗಿದ್ದರೆ ಆವಿಯೋ ಅನಿಲವೋ ಹೊರಟುಹೋಗಿದೆ. ತೂಕವೂ ರೀಡಿಂಗೂ ಮೊದಲಿನಂತಿದ್ದರೆ ದೋಷ ಮರಳುವಂಥದ್ದು. ತೂಕ ಅಷ್ಟೇ ಇದ್ದು ರೀಡಿಂಗ್ ಮಾತ್ರ ಬೇರೆಯಾದರೆ ಒಳಗೆ ರಾಸಾಯನಿಕ ಬದಲಾವಣೆ ನಡೆದಿರುವ ಸಾಧ್ಯತೆ ಹೆಚ್ಚು.

ಬಿಸಿ ಪಾತ್ರೆಯನ್ನು ಮಾತ್ರ ಬ್ಯಾಲೆನ್ಸ್ ಮೇಲೆ ಇಡಬೇಡಿ. ಅದರ ಸುತ್ತ ಮೇಲೇಳುವ ಗಾಳಿಯಿಂದಾಗಿ ತೂಕ ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ, ತಣಿಯುತ್ತ ಬಂದಂತೆ ಅಂಕಿ ಏರುತ್ತಲೇ ಹೋಗುತ್ತದೆ. ಡೆಸಿಕೇಟರಿನಲ್ಲಿ (ತೇವ ಹೀರುವ ವಸ್ತುವಿಟ್ಟ ಮುಚ್ಚಿದ ಪಾತ್ರೆಯಲ್ಲಿ) ತಣಿಸಿಯೇ ತೂಗಬೇಕು. ತಂಪು ಬಾಟಲಿಯ ತೊಂದರೆ ಇದಕ್ಕೆ ವಿರುದ್ಧ. ಫ್ರಿಜ್‌ನಿಂದ ತೆಗೆದ ಪುಡಿಯ ಬಾಟಲಿಯನ್ನು ಕೂಡಲೇ ತೆರೆದರೆ ಗಾಳಿಯ ತೇವ ಒಳಗೆ ಹನಿಗಟ್ಟಿ ಪುಡಿಗೆ ಸೇರುತ್ತದೆ. ಕೋಣೆಯ ತಾಪಮಾನಕ್ಕೆ ಬರುವವರೆಗೂ ಮುಚ್ಚಳ ತೆಗೆಯಬಾರದು.

ಮರಳಿ ಬಂದರೆ: ಗಾತ್ರ, ಪಿಎಚ್, ಬಣ್ಣ

ಟೈಟ್ರೇಷನ್‌ನಲ್ಲಿ ಎಲ್ಲ ಫಲಿತಾಂಶಗಳೂ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಜರುಗಿದ್ದರೆ ಗಾತ್ರದ ಹಿಗ್ಗುವಿಕೆಯನ್ನು ಅನುಮಾನಿಸಿ. ನೀರಿನ ಸಾಂದ್ರತೆ 20 ಡಿಗ್ರಿಯಲ್ಲಿ ಮಿಲಿಲೀಟರಿಗೆ 0.9982 ಗ್ರಾಂ, 30 ಡಿಗ್ರಿಯಲ್ಲಿ 0.9957. ಅಂದರೆ 20 ಡಿಗ್ರಿಯಲ್ಲಿ ತಯಾರಿಸಿದ ಒಂದು ಲೀಟರ್ ನೀರಿನ ದ್ರಾವಣ 30 ಡಿಗ್ರಿಯಲ್ಲಿ ಸುಮಾರು ಎರಡೂವರೆ ಮಿಲಿಲೀಟರ್ ಹೆಚ್ಚಾಗಿರುತ್ತದೆ. ಶಾಲೆಯ ಪ್ರಯೋಗದಲ್ಲಿ ಇದು ಲೆಕ್ಕಕ್ಕಿಲ್ಲ, ಗುಣಮಟ್ಟದ ಪರೀಕ್ಷೆಯಲ್ಲಿ ಲೆಕ್ಕಕ್ಕಿದೆ. ಸಾವಯವ ದ್ರಾವಕವಾದರೆ ಎಲ್ಲಿಯೂ ಕಡೆಗಣಿಸುವಂತಿಲ್ಲ: ಅದೇ 10 ಡಿಗ್ರಿಗೆ ಎಥನಾಲ್ ಸುಮಾರು ಶೇ. 1.1, ಅಸಿಟೋನ್ ಸುಮಾರು ಶೇ. 1.4 ಹಿಗ್ಗುತ್ತದೆ.

ಇದಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಫ್ಲಾಸ್ಕಿನಲ್ಲೇ ಆಗುತ್ತದೆ. ಒಂದು ಲೀಟರಿಗೆ 40 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದರೆ ಹೊರಬರುವ ಶಾಖ ಅಷ್ಟೂ ನೀರನ್ನು ಸುಮಾರು 10 ಡಿಗ್ರಿ ಏರಿಸುತ್ತದೆ. ಮೊದಲು ಅರ್ಧ ನೀರಿನಲ್ಲಿ ಕರಗಿಸಿದರೆ ಇನ್ನೂ ಹೆಚ್ಚು ಬಿಸಿ. ಆ ಬಿಸಿಯಲ್ಲೇ ಮಾರ್ಕಿನವರೆಗೆ ತುಂಬಿಸಿದರೆ ತಣಿದ ಮೇಲೆ ಮಟ್ಟ ಮಾರ್ಕಿನ ಕೆಳಗೆ ಇಳಿಯುತ್ತದೆ, ದ್ರಾವಣ ಬೇಕಾದ್ದಕ್ಕಿಂತ ಪ್ರಬಲವಾಗುತ್ತದೆ. ಯೂರಿಯಾ, ಅಮೋನಿಯಂ ನೈಟ್ರೇಟ್ ಕರಗುವಾಗ ಶಾಖ ಹೀರುವುದರಿಂದ ಅಲ್ಲಿ ಉಲ್ಟಾ: ಮಾರ್ಕಿಗೆ ತುಂಬಿಸಿದ ತಣ್ಣನೆ ದ್ರಾವಣ ಬೆಚ್ಚಗಾದಂತೆ ಮಾರ್ಕ್ ದಾಟುತ್ತದೆ. ಫ್ಲಾಸ್ಕನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಟ್ಟ ನೋಡಿದರೆ ದೋಷ ಕಣ್ಣಿಗೇ ಕಾಣುತ್ತದೆ.

ಪಿಎಚ್ ವಿಚಾರದಲ್ಲಿ ಗೊಂದಲ ಜಾಸ್ತಿ. ಮೀಟರಿನಲ್ಲಿ ತಾಪಮಾನ ತಿದ್ದುಪಡಿ ಇದೆ, ಆದ್ದರಿಂದ ಚಿಂತೆಯಿಲ್ಲ ಎಂದು ನಂಬುವವರಿದ್ದಾರೆ. ಆ ತಿದ್ದುಪಡಿ ಸರಿಮಾಡುವುದು ಎಲೆಕ್ಟ್ರೋಡಿನ ಇಳಿಜಾರನ್ನು ಮಾತ್ರ. ಒಂದು ಪಿಎಚ್ ಘಟಕಕ್ಕೆ 0 ಡಿಗ್ರಿಯಲ್ಲಿ 54.2 ಮಿಲಿವೋಲ್ಟ್, 25 ಡಿಗ್ರಿಯಲ್ಲಿ 59.2. ದ್ರಾವಣದ ಪಿಎಚ್ ನಿಜವಾಗಿಯೇ ಬದಲಾಗಿದ್ದರೆ ಮೀಟರ್ ಅದನ್ನು ತಿದ್ದುವುದಿಲ್ಲ, ತಿದ್ದಲೂಬಾರದು. ಶುದ್ಧ ನೀರನ್ನೇ ತೆಗೆದುಕೊಳ್ಳಿ: 25 ಡಿಗ್ರಿಯಲ್ಲಿ ಅದರ ಪಿಎಚ್ 7.00, 50 ಡಿಗ್ರಿಯಲ್ಲಿ ಸುಮಾರು 6.63. ಹಾಗೆಂದು ಅದು ಆಮ್ಲವಾಗಿಲ್ಲ. ಹೈಡ್ರೋಜನ್ ಅಯಾನುಗಳ ಜೊತೆಗೆ ಹೈಡ್ರಾಕ್ಸೈಡ್ ಅಯಾನುಗಳೂ ಅಷ್ಟೇ ಹೆಚ್ಚಿವೆ, ತಟಸ್ಥ ಬಿಂದುವೇ ಕೆಳಗಿಳಿದಿದೆ.

ಬಫರುಗಳಲ್ಲಿ ಟ್ರಿಸ್ ಅತಿ ಹೆಚ್ಚು ಕಾಡುವಂಥದ್ದು. ಪ್ರತಿ ಡಿಗ್ರಿ ಏರಿಕೆಗೆ ಅದರ ಪಿಎಚ್ ಸುಮಾರು 0.028 ಇಳಿಯುತ್ತದೆ. ಬೆಂಚಿನ ಮೇಲೆ 25 ಡಿಗ್ರಿಯಲ್ಲಿ 8.0 ಎಂದು ಹೊಂದಿಸಿದ ಟ್ರಿಸ್ ಬಫರ್ 5 ಡಿಗ್ರಿಯ ತಂಪುಕೋಣೆಯಲ್ಲಿ ಸುಮಾರು 8.6, 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ 7.7ರ ಹತ್ತಿರ. ಕಿಣ್ವ ಕೆಲಸ ಮಾಡುತ್ತಿಲ್ಲ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಫಾಸ್ಫೇಟಿನ ಬದಲಾವಣೆ ಇದರ ಹತ್ತನೇ ಒಂದು ಭಾಗ. ಪರಿಹಾರ ಸರಳ: ಬಫರನ್ನು ಬಳಸುವ ತಾಪಮಾನದಲ್ಲೇ ಹೊಂದಿಸಿ, ಆ ತಾಪಮಾನವನ್ನು ಲೇಬಲ್ ಮೇಲೆ ಪಿಎಚ್ ಪಕ್ಕದಲ್ಲೇ ಬರೆಯಿರಿ.

ಬಣ್ಣದ ದೋಷಗಳು ಬೇಗ ಸಿಕ್ಕಿಬೀಳುತ್ತವೆ. ಪಿಷ್ಟ ಮತ್ತು ಅಯೋಡಿನ್‌ನ ಗಾಢ ನೀಲಿ ಬಿಸಿಯಲ್ಲಿ ಮಾಯವಾಗಿ ತಣಿದಾಗ ಮರಳುತ್ತದೆ. ಆದ್ದರಿಂದ ಬಿಸಿ ದ್ರಾವಣದಲ್ಲಿ ಅಯೋಡಿನ್ ಟೈಟ್ರೇಷನ್ ಮಾಡಿದರೆ ಅಂತ್ಯಬಿಂದು (ಕ್ರಿಯೆ ಮುಗಿಯಿತೆಂದು ಬಣ್ಣ ತೋರಿಸುವ ಘಟ್ಟ) ಬರುವ ಮುಂಚೆಯೇ ಬಂದಂತೆ ಕಾಣುತ್ತದೆ. ಕ್ಲೋರೈಡ್ ಸಾಕಷ್ಟಿರುವ ಕೋಬಾಲ್ಟ್ ದ್ರಾವಣ ತಂಪಿನಲ್ಲಿ ಗುಲಾಬಿ, ಬಿಸಿಯಲ್ಲಿ ನೀಲಿ. ಇಂಥಲ್ಲಿ ತಣಿಸಿ ನೋಡುವುದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಕಿಲ್ಲ.

ಹರಳು, ಮಬ್ಬು, ಗಟ್ಟಿಯಾದ ಬಾಟಲಿ

ತಣ್ಣಗಾದಾಗ ಹರಳು ಬಿದ್ದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಪೊಟ್ಯಾಸಿಯಂ ನೈಟ್ರೇಟ್ 60 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 110 ಗ್ರಾಂ ಕರಗಿದರೆ 20 ಡಿಗ್ರಿಯಲ್ಲಿ ಸುಮಾರು 32 ಗ್ರಾಂ ಮಾತ್ರ. ಉಪ್ಪಿನ ಕರಗುವಿಕೆಯಲ್ಲಿ ಮಾತ್ರ ಅಂಥ ವ್ಯತ್ಯಾಸವೇ ಇಲ್ಲ, 0 ಡಿಗ್ರಿಯಿಂದ 100 ಡಿಗ್ರಿಗೆ ಹೋದರೂ 36ರಿಂದ 39 ಗ್ರಾಂ. ಹಾಗಾಗಿ ತಂಪಿಗೆ ಉಪ್ಪು ಬಿತ್ತು ಎಂದು ಯಾರಾದರೂ ಹೇಳಿದರೆ ನೀರು ಆವಿಯಾಗಿದೆಯೇ ಎಂದು ಮೊದಲು ನೋಡಿ.

ಅಚ್ಚರಿ ಹುಟ್ಟಿಸುವುದು ಬಿಸಿಗೆ ಬೀಳುವ ಹರಳು. ಸುಣ್ಣದ ತಿಳಿನೀರು ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಅದು ಎರಡು ಕಾರಣಕ್ಕೆ ಮಬ್ಬಾಗುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ 0 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 0.19 ಗ್ರಾಂ ಕರಗಿದರೆ ಕುದಿಯುವ ನೀರಿನಲ್ಲಿ 0.07 ಗ್ರಾಂ ಮಾತ್ರ, ಹಾಗಾಗಿ ಕಾಯಿಸಿದರೆ ಬಿಳಿ ಮಬ್ಬು. ಗಾಳಿಯ ಇಂಗಾಲದ ಡೈ ಆಕ್ಸೈಡ್ ಸೇರಿದರೂ ಬಿಳಿ ಮಬ್ಬು, ಆದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಕಣ್ಣಿಗೆ ಎರಡೂ ಒಂದೇ. ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ತಣಿಸಿ, ಆಗಾಗ ಕಲಕುತ್ತ ಬಿಡಿ: ನಿಧಾನಕ್ಕೆ ತಿಳಿಯಾದರೆ ತಾಪಮಾನದ್ದು, ಆಗದಿದ್ದರೆ ಕಾರ್ಬೊನೇಟಿನದ್ದು. ಸೋಡಿಯಂ ಸಲ್ಫೇಟ್ ಇನ್ನೂ ವಿಚಿತ್ರ. ಅದರ ಕರಗುವಿಕೆ 32.4 ಡಿಗ್ರಿಯವರೆಗೆ ಜೋರಾಗಿ ಏರಿ ಅಲ್ಲಿಂದ ಮುಂದೆ ಇಳಿಯುತ್ತದೆ, ಏಕೆಂದರೆ ಆ ತಾಪಮಾನದಲ್ಲಿ ಹತ್ತು ನೀರಿನ ಅಣುಗಳನ್ನು ಹೊತ್ತ ಹರಳು ನೀರಿಲ್ಲದ ರೂಪಕ್ಕೆ ತಿರುಗುತ್ತದೆ. ತುಂಬ ಸಾಂದ್ರ ದ್ರಾವಣ ತಣಿಸಿದರೂ ಹರಳುಗಟ್ಟುತ್ತದೆ, ಕಾಯಿಸಿದರೂ ಹರಳುಗಟ್ಟುತ್ತದೆ.

ತಂಪುಕೋಣೆಯಲ್ಲಿಟ್ಟ ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಡಿಟರ್ಜೆಂಟಿನ ದ್ರಾವಣ ಬಿಳಿಯಾದರೆ ಹದವಾಗಿ ಬೆಚ್ಚಗೆ ಮಾಡಿ, ತಿಳಿಯಾಗುತ್ತದೆ. ಟ್ರೈಟಾನ್ ಎಕ್ಸ್-100ರಂಥ ಡಿಟರ್ಜೆಂಟು ಇದಕ್ಕೆ ವಿರುದ್ಧ, 65 ಡಿಗ್ರಿಯ ಆಸುಪಾಸಿನಲ್ಲಿ ಮಬ್ಬಾಗುತ್ತದೆ. ತಣ್ಣನೆ ನೀರಿನಿಂದ ತಯಾರಿಸಿದ ದ್ರಾವಣ ಬೆಚ್ಚಗಾದಂತೆ ಕ್ಯುವೆಟ್ಟಿನ (ಬೆಳಕು ಹಾಯಿಸಿ ಅಳೆಯಲು ದ್ರಾವಣ ತುಂಬುವ ಪುಟ್ಟ ಪಾತ್ರೆಯ) ಗೋಡೆಗೆ ಸಣ್ಣ ಗುಳ್ಳೆ ಹತ್ತಿ ರೀಡಿಂಗ್ ಏರಿಸುವುದೂ ಉಂಟು. ನೀರಿನಲ್ಲಿ ಕರಗುವ ಆಮ್ಲಜನಕ 0 ಡಿಗ್ರಿಯಲ್ಲಿ ಲೀಟರಿಗೆ 14.6 ಮಿಲಿಗ್ರಾಂ, 25 ಡಿಗ್ರಿಯಲ್ಲಿ 8.3, ಹೆಚ್ಚಾದದ್ದು ಹೊರಗೆ ಬರಲೇಬೇಕು.

ಗ್ಲೇಸಿಯಲ್ (ನೀರು ಬಹುತೇಕ ಇಲ್ಲದ) ಅಸಿಟಿಕ್ ಆಮ್ಲ 16.6 ಡಿಗ್ರಿಯಲ್ಲಿ, ಡಿಎಂಎಸ್‌ಒ ಎಂಬ ದ್ರಾವಕ ಸುಮಾರು 18.5 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಪೂರ್ತಿ ಗಟ್ಟಿಯಾದ ಬಾಟಲಿಯಿಂದ ಯಾರೂ ಮೋಸಹೋಗುವುದಿಲ್ಲ. ಮೋಸ ಮಾಡುವುದು ಅರ್ಧ ಗಟ್ಟಿಯಾದದ್ದು. ಅಸಿಟಿಕ್ ಆಮ್ಲದಲ್ಲಿ ಮೊದಲು ಹೆಪ್ಪುಗಟ್ಟುವುದು ಹೆಚ್ಚು ಶುದ್ಧವಾದ ಭಾಗ. ಇದ್ದ ನೀರೆಲ್ಲ ಉಳಿದ ದ್ರವಕ್ಕೆ ಸೇರುತ್ತದೆ. ಆ ದ್ರವವನ್ನೇ ಪಿಪೆಟ್‌ನಲ್ಲಿ ತೆಗೆದರೆ ಆಮ್ಲದ ಅಂಶ ಕಡಿಮೆ ಬರುತ್ತದೆ, ಕೊನೆಗೆ ಉಳಿದದ್ದನ್ನು ಕರಗಿಸಿ ಬಳಸಿದವರಿಗೆ ಹೆಚ್ಚು ಬರುತ್ತದೆ. ಒಂದೇ ಬಾಟಲಿ, ಎರಡು ಫಲಿತಾಂಶ. ಬಾಟಲಿಯನ್ನು ಮುಚ್ಚಳ ಸ್ವಲ್ಪ ಸಡಿಲಿಸಿ, ಹೊಗೆಗೂಡಿನಲ್ಲಿ (ಫ್ಯೂಮ್ ಹುಡ್), ಬೆಚ್ಚನೆಯ ನೀರಿನಲ್ಲಿಟ್ಟು ಪೂರ್ತಿ ಕರಗಿಸಿ. ಬಿಗಿಯಾಗಿ ಮುಚ್ಚಿ ಕಲಕಿದ ಮೇಲೆಯೇ ತೆಗೆಯಿರಿ. ಇದು ಉರಿಯುವ ದ್ರವ, ನೇರ ಬೆಂಕಿಗಾಗಲೀ ಹಾಟ್‌ಪ್ಲೇಟಿಗಾಗಲೀ ಒಡ್ಡಬಾರದು.

ಹೆಪ್ಪುಗಟ್ಟಿಸಿದರೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತದೆ ಎಂಬ ನಂಬಿಕೆಯೂ ತಪ್ಪು. ಸೋಡಿಯಂ ಫಾಸ್ಫೇಟ್ ಬಫರ್ ನಿಧಾನವಾಗಿ ಹೆಪ್ಪುಗಟ್ಟುವಾಗ ಡೈಸೋಡಿಯಂ ಲವಣ ಮೊದಲು ಹರಳಾಗಿ ಬೇರ್ಪಡುತ್ತದೆ. ಉಳಿದ ದ್ರವದ ಪಿಎಚ್ 7ರಿಂದ 4ರ ಹತ್ತಿರಕ್ಕೂ ಬೀಳಬಹುದು. ಕರಗಿಸಿ ಅಳೆದಾಗ ಬಫರ್ ಮತ್ತೆ 7 ತೋರಿಸುತ್ತದೆ, ಆದರೆ ಅದರೊಳಗಿದ್ದ ಪ್ರೋಟೀನ್ ಅಷ್ಟರಲ್ಲಿ ಹಾಳಾಗಿರುತ್ತದೆ. ಬಫರಿಗೆ ಮರಳುವ ದೋಷ, ಪ್ರೋಟೀನಿಗೆ ಮರಳದ ದೋಷ.

ಮರಳದಿದ್ದರೆ

ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟನ್ನು ತೇವ ತೆಗೆಯಲೆಂದು 110 ಡಿಗ್ರಿಯ ಓವನ್ನಿನಲ್ಲಿ ಇಡುವವರನ್ನು ನಾನು ಆಗಾಗ ನೋಡುತ್ತೇನೆ. ಅಲ್ಲಿ ಹೋಗುವುದು ತೇವವಷ್ಟೇ ಅಲ್ಲ. ಸಂಯುಕ್ತ ಒಡೆದು ನೀರಾವಿ ಮತ್ತು ಇಂಗಾಲದ ಡೈ ಆಕ್ಸೈಡ್ ಹೊರಬಂದು ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. ಪೂರ್ತಿ ಬದಲಾದರೆ ತೂಕದಲ್ಲಿ ಶೇ. 36.9 ಇಳಿಕೆ. ಎರಡೂ ಬಿಳಿ ಪುಡಿ, ನೋಡಿ ಹೇಳಲಾಗದು. ಟೈಟ್ರೇಷನ್‌ನಲ್ಲಿ ಮಾತ್ರ ಪತ್ತೆಯಾಗುತ್ತದೆ: ಒಂದು ಗ್ರಾಂ ಬೈಕಾರ್ಬೊನೇಟ್ ಸುಮಾರು 11.9 ಮಿಲಿಮೋಲ್ ಆಮ್ಲವನ್ನು ತಟಸ್ಥಗೊಳಿಸಿದರೆ ಒಂದು ಗ್ರಾಂ ಕಾರ್ಬೊನೇಟ್ 18.9. ಆಮ್ಲ ವಿಪರೀತ ಹಿಡಿಯುತ್ತಿದ್ದರೆ ಚಿಟಿಕೆ ಪುಡಿಯನ್ನು ನೀರಿನಲ್ಲಿ ಕರಗಿಸಿ ಕ್ಷಾರಕ್ಕೆ ಗುಲಾಬಿಯಾಗುವ ಸೂಚಕ ಫೀನಾಲ್ಫ್ತಲೀನ್ ಒಂದು ಹನಿ ಹಾಕಿ. ಬೈಕಾರ್ಬೊನೇಟ್ ಆದರೆ ಬಣ್ಣ ಇಲ್ಲವೆನ್ನುವಷ್ಟು ತೆಳು, ಕಾರ್ಬೊನೇಟ್ ಆದರೆ ಗಾಢ ಗುಲಾಬಿ. ಈ ವಿಘಟನೆ ಓವನ್ ಬೇಡುವಷ್ಟು ದೂರದ್ದೂ ಅಲ್ಲ, 50 ಡಿಗ್ರಿ ದಾಟಿದಾಗಿನಿಂದಲೇ ನಿಧಾನವಾಗಿ ಶುರುವಾಗುತ್ತದೆ. ಬೈಕಾರ್ಬೊನೇಟನ್ನು ಡೆಸಿಕೇಟರಿನಲ್ಲೇ ಒಣಗಿಸಬೇಕು.

ಮೈಲುತುತ್ತದ್ದು (ತಾಮ್ರದ ಸಲ್ಫೇಟ್) ಇದೇ ಜಾತಿಯ ತೊಂದರೆ, ಆದರೆ ಕಣ್ಣಿಗೆ ಕಾಣುತ್ತದೆ. ನೀಲಿ ಹರಳಿನ ಅಂಚು ಬಿಳಿಚಿಕೊಂಡಿದ್ದರೆ ಹರಳಿನ ನೀರು ಹೊರಟುಹೋಗಿದೆ. ನೀರಿನಲ್ಲಿ ಹಾಕಿದ ಕೂಡಲೇ ನೀಲಿ ಮರಳುವುದರಿಂದ ಸರಿಹೋಯಿತು ಎಂದುಕೊಳ್ಳುತ್ತಾರೆ. ಆದರೆ 249.7 ಎಂಬ ಅಣುತೂಕ ಹಿಡಿದು ತೂಗಿದ ಪುಡಿಯ ಒಂದು ಭಾಗ ನೀರು ಕಳೆದುಕೊಂಡ, 159.6ರದ್ದಾಗಿದ್ದರೆ ದ್ರಾವಣದಲ್ಲಿ ತಾಮ್ರ ಹೆಚ್ಚಾಗಿಯೇ ಇರುತ್ತದೆ.

ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಸದ್ದಿಲ್ಲದೆ ಸತ್ವ ಕಳೆದುಕೊಳ್ಳುತ್ತದೆ. 10 ಡಿಗ್ರಿ ಹೆಚ್ಚಾದರೆ ಅದರ ವಿಘಟನೆ ಮೂರು ನಾಲ್ಕು ಪಟ್ಟು ವೇಗವಾಗುತ್ತದೆ, ಸಾಂದ್ರ ದ್ರಾವಣದಲ್ಲಿ ಇನ್ನೂ ಬೇಗ. ಲೇಬಲ್ ಮೇಲಿನ ಶೇಕಡಾ ಅಂಕಿಯನ್ನು ನಂಬದೆ ಅಯೋಡಿನ್ ಟೈಟ್ರೇಷನ್ ಮಾಡಿಯೇ ಬಳಸಿ. ಕಡಿಮೆ ಬಂದರೆ ತಣಿಸಿ ಪ್ರಯೋಜನವಿಲ್ಲ, ಅದು ಕ್ಲೋರೇಟ್ ಮತ್ತು ಕ್ಲೋರೈಡ್ ಆಗಿಬಿಟ್ಟಿದೆ. ಹಾಗೆಂದು ಎಲ್ಲವನ್ನೂ ಫ್ರಿಜ್ಜಿಗೆ ತಳ್ಳುವಂತಿಲ್ಲ. ಫಾರ್ಮಲಿನ್ ತಂಪಿಗೇ ಕೆಡುತ್ತದೆ: ಫಾರ್ಮಾಲ್ಡಿಹೈಡ್ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಿಳಿ ಪ್ಯಾರಾಫಾರ್ಮಾಲ್ಡಿಹೈಡ್ ಆಗಿ ತಳಕ್ಕೆ ಬೀಳುತ್ತವೆ. ಅದನ್ನು ತಡೆಯಲೆಂದೇ ಅದರಲ್ಲಿ ಮೆಥನಾಲ್ ಬೆರೆಸಿರುತ್ತಾರೆ.

ಕ್ರಿಯೆ ತೀರಾ ನಿಧಾನ, ಅಥವಾ ತೀರಾ ಜೋರು

ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಷನ್ ಈ ದೋಷವನ್ನು ಕಲಿಯಲು ತಕ್ಕ ಜಾಗ. ಫ್ಲಾಸ್ಕ್ 60-70 ಡಿಗ್ರಿ ಇರಬೇಕು. ಅಲ್ಲಿಯೂ ಮೊದಲ ಹನಿಗಳ ಗುಲಾಬಿ ತುಸು ಹೊತ್ತು ನಿಂತು ಆಮೇಲೆ ಹೋಗುತ್ತದೆ, ಏಕೆಂದರೆ ಕ್ರಿಯೆಯಿಂದ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಕ್ರಿಯೆಗೆ ವೇಗ ಕೊಡುವುದು. ಫ್ಲಾಸ್ಕ್ ತಣ್ಣಗಿದ್ದರೆ ಬಣ್ಣ ಹೋಗುವುದೇ ಇಲ್ಲವೇನೋ ಎಂಬಷ್ಟು ತಡವಾಗಿ, ಅಂತ್ಯಬಿಂದು ಬಂತೆಂದು ನಿಲ್ಲಿಸುತ್ತೀರಿ, ಫಲಿತಾಂಶ ಕಡಿಮೆ. ಬೇಗ ಬೇಗ ಸುರಿದರೆ ಅಥವಾ ಆಮ್ಲ ಸಾಲದಿದ್ದರೆ ಕಂದು ಮಬ್ಬು ಕಾಣಿಸುತ್ತದೆ, ಅದು ಮ್ಯಾಂಗನೀಸ್ ಡೈ ಆಕ್ಸೈಡ್, ಆ ಫ್ಲಾಸ್ಕನ್ನು ಬಿಟ್ಟುಬಿಡಿ. ಕುದಿಯುವಷ್ಟು ಕಾಯಿಸಿದರೆ ಆಕ್ಸಾಲಿಕ್ ಆಮ್ಲವೇ ಒಡೆಯತೊಡಗಿ ಮತ್ತೆ ಕಡಿಮೆ. ಬಿಸಿ ಕಡಿಮೆಯಾದರೂ ಹೆಚ್ಚಾದರೂ ದೋಷ ಒಂದೇ ದಿಕ್ಕಿನದ್ದಾದ್ದರಿಂದ ಅಂಕಿ ನೋಡಿ ಕಾರಣ ಹೇಳಲಾಗದು, ಥರ್ಮಾಮೀಟರ್ ನೋಡಿಯೇ ಹೇಳಬೇಕು.

10 ಡಿಗ್ರಿಗೆ ವೇಗ ಇಮ್ಮಡಿ ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಸ್ವಾಂಟೆ ಅರೇನಿಯಸ್ 1889ರಲ್ಲಿ ವಿವರಿಸಿದ ಸಮೀಕರಣದ ಪ್ರಕಾರ ಇದು ಕ್ರಿಯಾಶೀಲನ ಶಕ್ತಿ (ಕ್ರಿಯೆ ಶುರುವಾಗಲು ಬೇಕಾದ ಕನಿಷ್ಠ ಶಕ್ತಿ) ಮೋಲಿಗೆ 50 ಕಿಲೋಜೂಲ್ ಆಸುಪಾಸಿನಲ್ಲಿ, ಕೋಣೆಯ ತಾಪಮಾನದ ಹತ್ತಿರ ಮಾತ್ರ ನಿಜ. 100 ಕಿಲೋಜೂಲ್ ಆದರೆ 25ರಿಂದ 35 ಡಿಗ್ರಿಗೆ ಹೋಗುವಷ್ಟರಲ್ಲಿ ವೇಗ 3.7 ಪಟ್ಟಾಗುತ್ತದೆ. ನಿಮ್ಮ ಕ್ರಿಯೆ ಯಾವ ಬಗೆಯದ್ದೆಂದು ತಿಳಿಯಲು ಎರಡು ತಾಪಮಾನಗಳಲ್ಲಿ ನಡೆಸಿ ಹೋಲಿಸಬೇಕು.

ಜೋರಿನ ದೋಷದಲ್ಲಿ ಎಚ್ಚರ ಬೇಕಾದದ್ದು ಶಾಖ ಬಿಡುವ ಕ್ರಿಯೆಯನ್ನು ದೊಡ್ಡದು ಮಾಡುವಾಗ. ಪಾತ್ರೆಯ ಅಳತೆ ಎಲ್ಲ ದಿಕ್ಕಿಗೂ ಹತ್ತು ಪಟ್ಟಾದರೆ ಶಾಖ ಹುಟ್ಟಿಸುವ ಗಾತ್ರ ಸಾವಿರ ಪಟ್ಟು, ಶಾಖ ಹೊರಹಾಕುವ ಮೇಲ್ಮೈ ನೂರು ಪಟ್ಟು ಮಾತ್ರ. ಸಣ್ಣ ಫ್ಲಾಸ್ಕಿನಲ್ಲಿ ಬೆಚ್ಚಗಷ್ಟೇ ಆದದ್ದು ಅಲ್ಲಿ ಕೈಮೀರಬಹುದು. ಆಗ ಹೆದರಿಕೆಯಿಂದ ಪಾತ್ರೆಯನ್ನು ತುಂಬ ತಣಿಸಿ ಹನಿಹನಿಯಾಗಿ ಸೇರಿಸುವುದೂ ಅಪಾಯವೇ. ತಂಪಿನಲ್ಲಿ ಕ್ರಿಯೆ ನಡೆಯದೆ ಸೇರಿಸಿದ್ದೆಲ್ಲ ಹಾಗೇ ಸಂಗ್ರಹವಾಗುತ್ತದೆ. ಆಮೇಲೆ ಸ್ವಲ್ಪ ಬಿಸಿಯಾದದ್ದೇ ತಡ, ಅಷ್ಟೂ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಸೇರಿಸಲು ಶುರುಮಾಡಿದ ಮೇಲೆ ತಾಪಮಾನ ನಿರೀಕ್ಷಿಸಿದಷ್ಟು ಏರದಿದ್ದರೆ ಅದನ್ನು ಶುಭಲಕ್ಷಣ ಎಂದುಕೊಳ್ಳಬೇಡಿ. ಸೇರಿಸುವುದನ್ನು ನಿಲ್ಲಿಸಿ, ಹಾಕಿದ್ದು ಕ್ರಿಯೆಗೊಂಡಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದುವರಿಯಿರಿ.

ತಾಪಮಾನದ್ದಲ್ಲ ಎಂದು ತಿಳಿಯುವುದು

ಒಂದೇ ಕಪಾಟಿನಲ್ಲಿ, ಒಂದೇ ತಾಪಮಾನದಲ್ಲಿ, ಒಂದೇ ಬ್ಯಾಚಿನ ಎರಡು ಬಾಟಲಿಗಳಿದ್ದು ಒಂದು ಮಾತ್ರ ಕೆಟ್ಟಿದ್ದರೆ ತಾಪಮಾನವನ್ನು ದೂರಿ ಪ್ರಯೋಜನವಿಲ್ಲ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬಿಸಿಗೆ ಅದು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದು ನಿಜ, ತಂಪಿನಲ್ಲಿಟ್ಟರೆ ಆ ವಿಘಟನೆ ತಗ್ಗುವುದೂ ನಿಜ. ತಂಪಿನಲ್ಲಿಟ್ಟ ಮೇಲೂ ಒಂದು ಬಾಟಲಿಯಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಒಳಗೆ ಕಬ್ಬಿಣವೋ ತಾಮ್ರವೋ ಮ್ಯಾಂಗನೀಸೋ ಸೇರಿದೆ. ಬಳಸಿ ಉಳಿದದ್ದನ್ನು ಯಾರಾದರೂ ಮತ್ತೆ ಬಾಟಲಿಗೆ ಸುರಿದಿದ್ದಾರೆಯೇ, ಲೋಹದ ಚಮಚ ಅದ್ದಿದ್ದಾರೆಯೇ ಎಂದು ವಿಚಾರಿಸಿ. ಅಂಥ ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಬೇಡಿ, ಗಾಳಿಕಿಂಡಿಯಿರುವ ಮುಚ್ಚಳವೇ ಇರಲಿ. ಬಾಟಲಿ ಉಬ್ಬಿದ್ದರೆ ಅಥವಾ ಕೈಗೆ ಬಿಸಿ ತಾಗುತ್ತಿದ್ದರೆ ಮುಟ್ಟದೆ ಎಲ್ಲರನ್ನೂ ದೂರ ಕಳಿಸಿ ಸುರಕ್ಷತೆಯ ಹೊಣೆ ಹೊತ್ತವರನ್ನು ಕರೆಯಿರಿ.